ಕನ್ನಡ ಬ್ಲಾಗ್‌ಗೆ ಸ್ವಂತ ಡೊಮೇನ್ ಬೇಕಾ? ಬ್ಲಾಗರ್ ಒಳ್ಳೆಯದೋ, ವರ್ಡ್‌ಪ್ರೆಸ್ಸೋ?

ಬ್ಲಾಗ್ ನಡೆಸೋಕೆ ಬ್ಲಾಗರ್ರೋ ವರ್ಡ್‌ಪ್ರೆಸ್ಸೋ, ಡೊಮೇನ್ ಅಂದರೆ ಸ್ವಂತ ಹೆಸರಿನ ವೆಬ್ ವಿಳಾಸ ತಗೊಳ್ಳಬೇಕಾ, ಕನ್ನಡದಲ್ಲಿ ಬರೆದರೆ ದುಡ್ಡು ಬರುತ್ತಾ ಅಂತ ಕೇಳಿದ್ದೀರಿ. ಕೊನೆಯಲ್ಲಿ ಒಂದು ಮಾತು ಸೇರಿಸಿದ್ದೀರಿ: "ನನ್ನ ಸ್ನೇಹಿತನೊಬ್ಬ ಎಲ್ಲಾ ತಾನೇ ಮಾಡಿಕೊಡ್ತೀನಿ ಅಂದಿದ್ದಾನೆ." ಆ ಸಾಲು ಓದಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ.

ನಾನು ಸಾಗರ ತಾಲ್ಲೂಕಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದವನು. ಮನೆಯಲ್ಲಿ ಎರಡೆಕರೆ ಅಡಿಕೆ ತೋಟ. 2008ರಲ್ಲಿ ಬ್ಲಾಗರ್‌ನಲ್ಲಿ, ಅದು ಪುಕ್ಕಟೆ ಕೊಡುವ ಬ್ಲಾಗ್‌ಸ್ಪಾಟ್ ವಿಳಾಸದಲ್ಲಿ, ಬ್ಲಾಗ್ ಶುರು ಮಾಡಿದೆ. ಮೊದಲ ಬರಹವನ್ನು ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ತಂದು ಅಂಟಿಸಿದೆ. ನನ್ನ ಕಂಪ್ಯೂಟರಿನ ಹಳೇ ಫಾಂಟಿನಲ್ಲಿ ಚಂದ ಕಾಣುತ್ತಿದ್ದ ಕನ್ನಡ ಬ್ಲಾಗಿಗೆ ಹೋದ ತಕ್ಷಣ ಇರುವೆ ಸಾಲಿನ ಥರ ಏನೇನೋ ಚಿಹ್ನೆ ಆಯಿತು. ಎಲ್ಲಾ ಕಂಪ್ಯೂಟರಿನಲ್ಲೂ ಒಂದೇ ಥರ ಓದಿಸುವ ಯೂನಿಕೋಡ್ ಅನ್ನೋದೊಂದು ಇದೆ ಅಂತ ತಿಳಿಯುವಷ್ಟರಲ್ಲಿ ಒಂದು ವಾರ ಕಳೆದಿತ್ತು. ಈಗಿನವರಿಗೆ ಆ ಕಷ್ಟ ಇಲ್ಲ. ಫೋನಿಗೆ ಮಾತಾಡಿದರೂ ಕನ್ನಡ ಮೂಡುತ್ತೆ.

ಮಳೆ, ತಂಬುಳಿ, ಅಪ್ಪೆಹುಳಿ, ಅಜ್ಜಿಯ ಬೈಗುಳ, ಇಂಥದ್ದೆಲ್ಲ ಬರೆದೆ. ಎರಡು ರಾತ್ರಿ ಕೂತು ಬರೆದ ಒಂದು ಲಲಿತ ಪ್ರಬಂಧಕ್ಕೆ ಹದಿನೆಂಟು ಓದು ಬಿತ್ತು. ಅದರಲ್ಲಿ ನಾಲ್ಕೈದು ನನ್ನದೇ. ಒಂದು ಮಧ್ಯಾಹ್ನ ಬೇರೇನೂ ತೋಚದೆ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡೋದು ಹೇಗೆ ಅಂತ ಬರೆದು ಹಾಕಿದೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಬೇರೆ ಬೇರೆ ಕರಗಿಸಿಕೊಂಡು, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹಾಕಬೇಕು. ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ, ಅದಕ್ಕೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಇಷ್ಟೇ ಬರಹ. ಮುಂದಿನ ಮೇ ತಿಂಗಳು ಬಂತು ನೋಡಿ, ಮಳೆಗೆ ಮುಂಚೆ ಕೊಳೆ ಔಷಧಿ ಹೊಡೆಯುವ ಹೊತ್ತು. ಎಲ್ಲೆಲ್ಲಿಂದಲೋ ಹುಡುಕಿಕೊಂಡು ಜನ ಬಂದರು. ಆಮೇಲೆ ಪ್ರತಿ ವರ್ಷವೂ ಬಂದರು. ನನ್ನ ಸಾಹಿತ್ಯ ಯಾರಿಗೂ ಬೇಕಿರಲಿಲ್ಲ, ನನ್ನ ಸುಣ್ಣದ ಲೆಕ್ಕ ಬೇಕಿತ್ತು. ಸ್ವಲ್ಪ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

2011ರ ಮಾರ್ಚಿನಲ್ಲಿ ನನ್ನ ಹಳೇ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. "ಸರ್, ಇಷ್ಟುದ್ದ ಬ್ಲಾಗ್‌ಸ್ಪಾಟ್ ವಿಳಾಸ ಯಾಕೆ? ಸ್ವಂತ ಡಾಟ್ ಕಾಮ್ ಮಾಡ್ಕೊಡ್ತೀನಿ" ಅಂದ. ಜಗಲಿಯಲ್ಲಿ ಕೂತು ಅರ್ಧ ಗಂಟೆಯಲ್ಲಿ ಮುಗಿಸಿದ. ಅವನ ಕಾರ್ಡು, ಅವನ ಆಫೀಸಿನ ಮೇಲ್ ಐಡಿ. ದುಡ್ಡು ಕೊಡೋಕೆ ಹೋದರೆ, "ಗುರುದಕ್ಷಿಣೆ ಅಂದ್ಕೊಳ್ಳಿ ಸರ್" ಅಂತ ನಕ್ಕ. ನಾನೂ ನಕ್ಕೆ. ಒಂದು ಕವಳ ಹಾಕಿಕೊಂಡು ಹೋದ.

ನನ್ನ ತಪ್ಪು ಇರೋದು ಅಲ್ಲೇ. ಬಿಡಿಸಿ ಹೇಳುತ್ತೇನೆ, ಯಾಕಂದರೆ ಡೊಮೇನ್ ಅಂದರೆ ಕೊಂಡುಕೊಳ್ಳೋದು ಅಂತ ಎಲ್ಲರೂ ತಿಳಿದಿರುತ್ತಾರೆ. ಅದು ಕೊಳ್ಳೋದಲ್ಲ, ವರ್ಷಕ್ಕಿಷ್ಟು ಅಂತ ಗೇಣಿಗೆ ಹಿಡಿಯೋದು. ಯಾರ ಖಾತೆಯಲ್ಲಿ ನೋಂದಣಿ ಆಗಿದೆಯೋ ಅವರೇ ಅದಕ್ಕೆ ವಾರಸುದಾರರು. ಬ್ಲಾಗ್ ಬರೆಯುವವನು ಯಾರು ಅಂತ ಯಾರೂ ಕೇಳುವುದಿಲ್ಲ. ಅವಧಿ ಮುಗಿಯುವ ಮುಂಚೆ ಎರಡು ಮೇಲ್ ಬರುತ್ತವೆ, ಒಂದು ಸುಮಾರು ತಿಂಗಳ ಮೊದಲು, ಇನ್ನೊಂದು ವಾರದ ಮೊದಲು. ಮುಗಿದ ಐದು ದಿನದೊಳಗೆ ಮತ್ತೊಂದು. ಇಷ್ಟನ್ನು ಕಳಿಸಲೇಬೇಕು ಅಂತ ನಿಯಮವೇ ಇದೆ. ಆದರೆ ಕಳಿಸೋದು ನೋಂದಣಿಯಲ್ಲಿರುವ ಮೇಲ್‌ಗೆ. ಆ ಹುಡುಗ 2014ರಲ್ಲಿ ಕೆಲಸ ಬದಲಾಯಿಸಿದ್ದ. ಹಳೇ ಆಫೀಸಿನ ಮೇಲ್ ಮುಚ್ಚಿತ್ತು. ಪ್ರತಿ ವರ್ಷ ತಾನಾಗಿ ದುಡ್ಡು ಕಟ್ಟುತ್ತಿದ್ದ ಕಾರ್ಡೂ ಬದಲಾಗಿತ್ತು. ಅವನಿಗೆ ಅದು ನೆನಪೇ ಇಲ್ಲ. ಇರಬೇಕು ಅಂತ ನಾನೂ ಹೇಳಲ್ಲ.

ನನಗೆ ನೆನಪಿತ್ತು. 2014ರಲ್ಲಿ ಅವನ ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ನಿಂತು, "ಸರ್, ಇನ್ನೊಂದು ಹೋಳಿಗೆ" ಅಂತ ಬಲವಂತ ಮಾಡಿದ. ಆಗ ಕೇಳಬಹುದಿತ್ತು. ಆಮೇಲೆ ಎರಡು ಸಲ ಫೋನ್ ಕೈಗೆ ತಗೊಂಡೆ. ಏನಂತ ಕೇಳೋದು? "ಆ ಡೊಮೇನ್ ಏನಾಯ್ತಪ್ಪಾ" ಅಂದರೆ ಈ ವರ್ಷದ ದುಡ್ಡೂ ನೀನೇ ಕಟ್ಟು ಅಂದ ಹಾಗೆ ಅಲ್ವಾ? ದುಡ್ಡು ನಾನೇ ಕೊಡ್ತೀನಿ ಅಂದರೆ ಅವನ ಗುರುದಕ್ಷಿಣೆಯನ್ನು ವಾಪಸ್ ಕೊಟ್ಟ ಹಾಗೆ. ಈ ಹಾಳು ಸಂಕೋಚದಲ್ಲಿ ಫೋನ್ ಕೆಳಗಿಟ್ಟೆ. ಆ ಹೊತ್ತಿಗೆ ನಾನು ಬ್ಲಾಗಿನ ಕಡೆ ತಲೆ ಹಾಕುವುದೂ ಕಡಿಮೆಯಾಗಿತ್ತು. ಬ್ಲಾಗುಗಳನ್ನೆಲ್ಲ ಒಂದೇ ಕಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈಯಲ್ಲಿ ನಿಂತಿತು, ಅದರಲ್ಲಿ ನನ್ನನ್ನು ಓದುತ್ತಿದ್ದವರು ಚದುರಿದರು. ನಾನೂ ಎಲ್ಲರ ಹಾಗೆ ಫೇಸ್‌ಬುಕ್ಕಿಗೆ ಹೋದೆ. ನಾಲ್ಕು ಸಾಲು ಗೀಚಿದರೆ ಐದು ನಿಮಿಷಕ್ಕೆ ನಲವತ್ತು ಲೈಕು. ಆ ರುಚಿ ಹತ್ತಿದ ಮೇಲೆ ಬ್ಲಾಗ್ ಯಾರಿಗೆ ಬೇಕು!

2015ರ ಜೂನ್. ಹೊಸನಗರದ ಕಡೆಯ ಒಬ್ಬ ಬೆಳೆಗಾರರ ಫೋನು. "ಮಾಷ್ಟ್ರೇ, ನಿಮ್ಮ ಬೋರ್ಡೋ ತೆಗೆದರೆ ಇಸ್ಪೀಟೆಲೆ ಬರ್ತಾ ಇದೆಯಲ್ಲ!"

ತೆಗೆದು ನೋಡಿದೆ. ನಿಜವಾಗಿಯೂ ಇಸ್ಪೀಟೆಲೆ. ಯಾವುದೋ ದೇಶದ ಜೂಜಿನ ಪುಟ. ಮಾರ್ಚಿನಲ್ಲಿ ಅವಧಿ ಮುಗಿದಿತ್ತು. ಡಾಟ್ ಕಾಮ್‌ಗೆ ಮುಗಿದ ಮೇಲೂ ಸಾಮಾನ್ಯವಾಗಿ ಕೆಲವು ವಾರ ಕಾಲಾವಕಾಶ ಇರುತ್ತದೆ. ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಅದಾಗಿ ಐದು ದಿನಕ್ಕೆ ಅಳಿಸಿಹೋಗುತ್ತೆ, ಯಾರು ಬೇಕಾದರೂ ತಗೊಳ್ಳಬಹುದು. ವರ್ಷಗಟ್ಟಲೆ ಜನ ಓಡಾಡಿದ ಹಳೇ ವಿಳಾಸಗಳಿಗಾಗಿ ಕಾದು ಕೂತವರೇ ಇದ್ದಾರೆ. ಹೊಸ ಮಾಲೀಕ ಯಾರು ಅಂತ ಹುಡುಕಿದರೆ ಹೆಸರೇ ಮುಚ್ಚಿಟ್ಟಿತ್ತು.

ಇನ್ನೊಂದು ತಮಾಷೆ ಕೇಳಿ. ಹಳೇ ಬ್ಲಾಗ್‌ಸ್ಪಾಟ್ ವಿಳಾಸ ಹಾಕಿದರೂ ಜೂಜೇ ಬರುತ್ತಿತ್ತು! ಸ್ವಂತ ಡೊಮೇನ್ ಜೋಡಿಸಿದರೆ ಬ್ಲಾಗರ್ ಹಳೇ ವಿಳಾಸದಿಂದ ಬಂದವರನ್ನೂ ಅಲ್ಲಿಗೇ ಕಳಿಸುತ್ತೆ. ಎಲ್ಲಾ ಹೋಯಿತು ಅಂತ ಒಂದು ರಾತ್ರಿ ನಿದ್ದೆ ಇಲ್ಲ. ಮಾರನೇ ದಿನ ಸೆಟ್ಟಿಂಗ್ಸಿಗೆ ಹೋಗಿ ಡೊಮೇನ್ ತೆಗೆದ ಮೇಲೆ ಬರಹಗಳೆಲ್ಲ ಹಾಗೇ ಇದ್ದವು. ಹೋಗಿದ್ದು ದಾರಿ. ಬೇರೆಯವರು ತಮ್ಮ ಬ್ಲಾಗಿನಲ್ಲಿ ಕೊಟ್ಟಿದ್ದ ಕೊಂಡಿಗಳು, ಗೂಗಲ್ ಹುಡುಕಾಟದಲ್ಲಿ ನನಗಿದ್ದ ಜಾಗ, ಎಲ್ಲಾ ಆ ಜೂಜಿನವನ ಪಾಲು. ಅದಕ್ಕಿಂತ ಹೆಚ್ಚು ಮರ್ಯಾದೆ ಹೋಗಿದ್ದು ಶಾಲೆಯಲ್ಲಿ. ಹಿಂದಿನ ವರ್ಷದ ಶಾಲಾ ಸಂಚಿಕೆಯಲ್ಲಿ ನನ್ನ ಲೇಖನದ ಕೆಳಗೆ "ಹೆಚ್ಚಿನ ಓದಿಗೆ" ಅಂತ ಅದೇ ವಿಳಾಸ ಅಚ್ಚಾಗಿತ್ತು. ಗಣಿತ ಮಾಷ್ಟ್ರು ಮಕ್ಕಳಿಗೆ ಹೆಚ್ಚಿನ ಓದಿಗೆ ಎಲ್ಲಿಗೆ ಕಳಿಸಿದರು ನೋಡಿ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಮೊದಲ ಎರಡು ವರ್ಷ ಡೊಮೇನ್ ಬೇಡ. ಉದ್ದ ವಿಳಾಸ ಅಂತ ಯಾರೂ ಓದು ಬಿಟ್ಟಿಲ್ಲ. ಬೇಕೇ ಬೇಕು ಅಂದರೆ ನಿಮ್ಮ ಹೆಸರು, ನಿಮ್ಮ ಸ್ವಂತ ಮೇಲ್, ನಿಮ್ಮ ಕಾರ್ಡು. ಆಫೀಸಿನ ಮೇಲ್ ಅಂತೂ ಬೇಡವೇ ಬೇಡ. ಸ್ನೇಹಿತನಿಗೆ ಕಾಫಿ ಕೊಡಿಸಿ, ಪಕ್ಕದಲ್ಲಿ ಕೂರಿಸಿಕೊಳ್ಳಿ, ಕೀಲಿ ಒತ್ತೋದು ಮಾತ್ರ ನೀವೇ ಒತ್ತಿ. ಅವನು ಒಳ್ಳೆಯವನು ಅಂತ ಬರೆದಿದ್ದೀರಿ. ನನ್ನ ಹುಡುಗನೂ ಒಳ್ಳೆಯವನೇ. ಕೆಟ್ಟವನಾಗಿದ್ದರೆ ನಾನು ಹತ್ತು ಸಲ ಫೋನ್ ಮಾಡಿ ವಿಚಾರಿಸುತ್ತಿದ್ದೆ.

ತಿಂಗಳಿಗೊಮ್ಮೆ ಬ್ಯಾಕಪ್ ತಗೊಳ್ಳಿ. ಬ್ಲಾಗರ್ ಕೊಡುವ ಫೈಲಿನಲ್ಲಿ ಬರಹ, ಕಾಮೆಂಟು ಇರುತ್ತವೆ, ಫೋಟೋಗೆ ಅದನ್ನೇ ನಂಬಿಕೊಂಡು ಕೂರಬೇಡಿ. ಫೋಟೋಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ.

ದುಡ್ಡಿನ ವಿಷಯ. ನಾನು ಶುರು ಮಾಡಿದ ಕಾಲದಲ್ಲಿ ಗೂಗಲ್ಲಿನ ಜಾಹೀರಾತು ವ್ಯವಸ್ಥೆ ಆಡ್‌ಸೆನ್ಸಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವೇ ಇರಲಿಲ್ಲ. ಜಾಹೀರಾತು ಸಿಕ್ಕರೂ 100 ಡಾಲರ್ ಜಮಾ ಆಗುವ ತನಕ ಕೈಗೆ ಬರಲ್ಲ. ಹದಿನೆಂಟು ಓದಿನಲ್ಲಿ ಆ ಲೆಕ್ಕ ಗಣಿತ ಮಾಷ್ಟ್ರಿಗೂ ಬಗೆಹರಿಯಲ್ಲ. ದುಡ್ಡಿಗೆ ಬರೆಯೋದಾದರೆ ಬೇರೆ ಯಾರನ್ನಾದರೂ ಕೇಳಿ.

ಏನು ಬರೆಯೋದು ಅಂತ ನೀವು ಕೇಳಲೇ ಇಲ್ಲ. ನಾನಾಗಿದ್ದರೆ ಅದನ್ನೇ ಮೊದಲು ಕೇಳುತ್ತಿದ್ದೆ. ಶುರು ಮಾಡುವ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ಮೂವತ್ತು ತಲೆಬರಹ ಬರೆದು ನೋಡಿ. ಹನ್ನೆರಡಕ್ಕೆ ನಿಂತರೆ ಸದ್ಯಕ್ಕೆ ಬೇಡ. ಅದರಲ್ಲಿ ನಾಲ್ಕಾದರೂ ನಿಮ್ಮ ಕೈಗೆ ಗೊತ್ತಿರುವ ಕೆಲಸದ ಬಗ್ಗೆ ಇರಲಿ. ಉಳಿದದ್ದು ನಿಮ್ಮಿಷ್ಟ, ಪ್ರಬಂಧವನ್ನೂ ಬರೆಯಿರಿ. ನಾನು ಈಗಲೂ ಬರೆಯುತ್ತೇನೆ. ಈಗ ಓದು ಇಪ್ಪತ್ತಾರಕ್ಕೆ ಏರಿದೆ.

ಬ್ಲಾಗರ್ರೋ ವರ್ಡ್‌ಪ್ರೆಸ್ಸೋ ಅನ್ನೋದಕ್ಕೆ ಇಷ್ಟೇ: ನಾನು ಬ್ಲಾಗರ್‌ನಲ್ಲಿದ್ದೇನೆ, ಬದಲಾಯಿಸೋಕೆ ಸೋಮಾರಿತನ. ಶಾಲೆಯ ಲೈಬ್ರರಿಗೆ ಹೋಗಿ ಅಲ್ಲಿದ್ದ ಆ ಸಂಚಿಕೆಯ ಮೂರು ಪ್ರತಿಗಳಲ್ಲಿ ಹಳೇ ಡಾಟ್ ಕಾಮ್ ವಿಳಾಸವನ್ನು ಪೆನ್ನಿನಿಂದ ಹೊಡೆದು ಹಾಕಿ ಬಂದಿದ್ದೇನೆ. ಉಳಿದ ಪ್ರತಿಗಳು ಊರಿನ ಮನೆಮನೆಗಳಲ್ಲಿವೆ.