ಪಕ್ಕದ ಮನೆಯಲ್ಲಿ ಗಂಡ ಹೆಂಡತಿಗೆ ಹೊಡೆಯುತ್ತಾನೆ, ನಾವು ಮಧ್ಯೆ ಹೋಗಬಹುದಾ?

ನಿಮ್ಮ ಪ್ರಶ್ನೆ ಇದು: ಮುಂಬೈಯಲ್ಲಿ ಪಕ್ಕದ ಖೋಲಿಯಲ್ಲಿ ನಮ್ಮ ಕಡೆಯ ಗಂಡ ಹೆಂಡತಿ ಇದ್ದಾರೆ, ರಾತ್ರಿ ಹೊಡೆತದ ಸದ್ದು ಕೇಳುತ್ತದೆ, ಆಕೆಗೆ ಮರಾಠಿ ಹಿಂದಿ ಎರಡೂ ಬರಲ್ಲ, ಮಧ್ಯೆ ಹೋದರೆ ನಮ್ಮ ಮೇಲೇ ಕೇಸ್ ಬೀಳುತ್ತಾ? ಹೋಗಿ. ಆದರೆ ಪಂಚಾಯಿತಿ ಮಾಡಲು ಹೋಗಬೇಡಿ.

ಹೊಡೆತ ನಡೆಯುತ್ತಿರುವಾಗಲೇ ಬೆಲ್ ಒತ್ತಿ. ನೀರು ಬಂತಾ, ಕರೆಂಟ್ ಇದೆಯಾ, ಸುಮ್ನೆ ಏನಾದರೂ ಕೇಳಿ. 2008ರಲ್ಲಿ ಬ್ರೇಕ್‌ಥ್ರೂ ಸಂಸ್ಥೆಯ 'ಬೆಲ್ ಬಜಾವೋ' ಪ್ರಚಾರ ಹೇಳಿದ್ದೂ ಇದನ್ನೇ. ಹೊರಗೆ ಕೇಳಿಸುತ್ತಿದೆ ಅಂತ ಅವನಿಗೆ ಗೊತ್ತಾಗಬೇಕು, ಅಷ್ಟೇ. ಒಬ್ಬರೇ ಹೋಗಬೇಡಿ. ಅವನ ಕೈಯಲ್ಲಿ ಏನಾದರೂ ಇದ್ದರೆ ಬೆಲ್ ಬೇಡ, ಸೀದಾ ಪೊಲೀಸರ ತುರ್ತು ನಂಬರ್ 112ಕ್ಕೆ ಫೋನ್ ಮಾಡಿ. ಕುತ್ತಿಗೆ ಹಿಸುಕಿದ ಅಂತ ಆಕೆ ಯಾವತ್ತಾದರೂ ಹೇಳಿದರೆ ಅದನ್ನು ಇನ್ನೊಂದು ಹೊಡೆತ ಅಂದುಕೊಳ್ಳಬೇಡಿ, ಅಂಥವನು ಮುಂದೆ ಕೊಲೆ ಮಾಡುವ ಅಪಾಯ ತುಂಬಾ ಜಾಸ್ತಿ.

ನಿಜವಾದ ಕೆಲಸ ಇರೋದು ಮರುದಿನ, ಅವನು ಡ್ಯೂಟಿಗೆ ಹೋದ ಮೇಲೆ. ಆಕೆ ಒಬ್ಬರೇ ಇದ್ದಾಗ ಕನ್ನಡದಲ್ಲಿ ಮಾತಾಡಿಸಿ. ನಾನು ಬೆಳೆದದ್ದು ಮುಂಬೈಯ ಘಾಟ್ಕೋಪರ್‌ನ ಚಾಳಿನಲ್ಲಿ, ಅಂದರೆ ಒಂದೊಂದೇ ಖೋಲಿಯ ಸಾಲು ಮನೆಗಳಲ್ಲಿ. ಅಲ್ಲಿ ನಮ್ಮವರ ರೂಢಿ ಏನಂದರೆ ಊರಿನ ಹಿರಿಯರನ್ನು ಕರೆಸಿ ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ ಕೇಳೋದು. ಅವನ ಮುಂದೆ ಆಕೆ ಏನು ಹೇಳಿಯಾಳು? ಎಲ್ಲರೂ ಚಹಾ ಕುಡಿದು, 'ಹೊಂದಿಕೊಂಡು ಹೋಗಮ್ಮ' ಅಂತ ಹೇಳಿ ಎದ್ದು ಹೋಗುತ್ತಾರೆ. ಬಾಗಿಲು ಹಾಕಿದ ಮೇಲೆ 'ನನ್ನ ಮರ್ಯಾದೆ ತೆಗೆದೆ' ಅಂತ ಇನ್ನೂ ನಾಲ್ಕು ಬೀಳುತ್ತವೆ. 'ಇವತ್ತೇ ಬಿಟ್ಟು ಬಾ' ಅಂತ ನೀವೂ ಒತ್ತಾಯ ಮಾಡಬೇಡಿ. ಹೆಂಡತಿ ಕೈತಪ್ಪಿ ಹೋಗುತ್ತಿದ್ದಾಳೆ ಅನ್ನಿಸಿದಾಗಲೇ ಇಂಥವರು ಹೆಚ್ಚು ಅಪಾಯಕಾರಿ. ಯಾವಾಗ, ಹೇಗೆ ಅನ್ನೋದನ್ನು ಆಕೆಯೇ ತೀರ್ಮಾನಿಸಲಿ.

ನಮ್ಮ ಚಾಳಿನಲ್ಲಿ ವಿಜಯಪುರ ಕಡೆಯ ಅಕ್ಕ ಒಬ್ಬರು ಅಮ್ಮನ ಹತ್ತಿರ ಒಂದು ಬಟ್ಟೆ ಚೀಲ ಕೊಟ್ಟಿದ್ದರು. ಒಳಗೆ ಆಧಾರ್, ಪಾಸ್‌ಬುಕ್, ಮಗುವಿನ ಜನನ ಪ್ರಮಾಣಪತ್ರ, ಆಸ್ಪತ್ರೆಯ ಕೇಸ್ ಪೇಪರ್, ಮಡಚಿದ ಒಂದಿಷ್ಟು ನೋಟು. ಅಮ್ಮ ಅದನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದರು, ಅಪ್ಪನಿಗೂ ಹೇಳಿರಲಿಲ್ಲ (ಅಪ್ಪನ ಬಾಯಲ್ಲಿ ಮಾತು ನಿಲ್ಲುತ್ತಿರಲಿಲ್ಲ). ಅಂಥ ಒಂದು ಚೀಲಕ್ಕೆ ನಿಮ್ಮ ಮನೆಯಲ್ಲೂ ಜಾಗ ಇದೆ ಅಂತ ಆಕೆಗೆ ಹೇಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಸಹಾಯ ಕೇಳಿದವರು ಬರೀ ಶೇ. 14. ಅಂದರೆ ಆಕೆಯೇ ಬಂದು ಕೇಳಲಿ ಅಂತ ಕಾದು ಕೂತರೆ ಆಗಲ್ಲ.

ಗಾಯವಾಗಿದ್ದರೆ ಆಸ್ಪತ್ರೆಯೇ ಒಳ್ಳೆ ದಾರಿ, ಯಾಕೆಂದರೆ ಆಸ್ಪತ್ರೆಗೆ ಹೋಗ್ತೀನಿ ಅಂದರೆ ಗಂಡನಿಗೆ ಪೊಲೀಸ್ ಸ್ಟೇಷನ್ ಅಂದಷ್ಟು ಅನುಮಾನ ಬರಲ್ಲ. ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ದಲ್ಲಿ ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರಿಗೆಂದೇ 'ದಿಲಾಸಾ' ಕೇಂದ್ರ ಶುರುವಾಯಿತು, ಆಮೇಲೆ ಬೇರೆ ಪಾಲಿಕೆ ಆಸ್ಪತ್ರೆಗಳಿಗೂ ಬಂತು. ಬಾತ್‌ರೂಮಿನಲ್ಲಿ ಜಾರಿ ಬಿದ್ದೆ ಅಂತ ಹೇಳದೆ, ಯಾರು ಹೊಡೆದರು, ಹೇಗೆ ಹೊಡೆದರು ಅಂತಲೇ ಕೇಸ್ ಪೇಪರಿನಲ್ಲಿ ಬರೆಸಲಿ, ಮುಂದೆ ಕೋರ್ಟಿನಲ್ಲಿ ಅದು ಕೆಲಸಕ್ಕೆ ಬರುತ್ತದೆ. ಪೊಲೀಸ್ ಕಡೆ ಹೋಗುವುದಾದರೆ ಮಹಿಳೆಯರ ಸ್ಪೆಷಲ್ ಸೆಲ್ ಎಲ್ಲಿದೆ ಅಂತ ಕೇಳಿ. ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1984ರಲ್ಲಿ ಮುಂಬೈ ಪೊಲೀಸರ ಜೊತೆ ಶುರು ಮಾಡಿದ್ದು ಇದು. ಅಲ್ಲಿ ಕೂರುವವರು ಪೊಲೀಸರಲ್ಲ, ಸಮಾಜ ಕಾರ್ಯಕರ್ತರು. ಫೋನಿನಲ್ಲಾದರೆ ಮಹಿಳಾ ಸಹಾಯವಾಣಿ 181.

ಇನ್ನು ನಿಮ್ಮ ಮೇಲೆ ಕೇಸ್ ಬೀಳುವ ಭಯ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ರಕ್ಷಣಾ ಅಧಿಕಾರಿಗೆ (ಇಂಥ ಹೆಂಗಸರಿಗೆ ನೆರವಾಗಲು ಸರ್ಕಾರ ನೇಮಿಸಿದವರು) ತಿಳಿಸಬಹುದು. ಒಳ್ಳೆ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ ಅದಕ್ಕಾಗಿ ಕೇಸ್ ಹಾಕಲು ಬರಲ್ಲ. ಆಕೆಗೆ ಇದನ್ನೂ ಹೇಳಿ: ಖೋಲಿ ಅವನ ಹೆಸರಲ್ಲಿದ್ದರೂ ಅಲ್ಲಿ ಇರುವ ಹಕ್ಕು ಆಕೆಗಿದೆ. ತವರಿಗೆ ಹೋದರೆ ಅಲ್ಲಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು, ಅದಕ್ಕಾಗಿ ಮುಂಬೈಗೆ ಓಡಿ ಬರಬೇಕಾಗಿಲ್ಲ.

ಆಸ್ಪತ್ರೆಗೋ ಸೆಲ್‌ಗೋ ಹೋಗುವಾಗ ಮಾತು ತಿಳಿಸಿ ಹೇಳಲು ನೀವೂ ಜೊತೆಗೆ ಹೋಗಿ. ಗಂಡನ ಕಡೆಯವರು 'ನಮಗೆ ಮರಾಠಿ ಬರುತ್ತೆ, ನಾವೇ ಹೇಳ್ತೀವಿ' ಅಂತ ಮುಂದೆ ಬರುತ್ತಾರೆ. ಒಪ್ಪಬೇಡಿ.