ಕಂಬ ಕೀಳುವವರು ಯಾರು?

ಸೇಡಂ ತಾಲ್ಲೂಕಿನ ಶಾಲೆಯೊಂದರ ಶಿಕ್ಷಕಿಯೊಬ್ಬರು, ಹೆಸರು ಪ್ರಕಟಿಸಬಾರದೆಂಬ ಕೋರಿಕೆಯೊಡನೆ, ಬರೆದ ಪತ್ರದ ಸಾರ ಇದು. ಫೆಬ್ರುವರಿಯಲ್ಲಿ ನಡೆದ ಶಾಲೆಯ ಸ್ನೇಹ ಸಮ್ಮೇಳನಕ್ಕೆ ಅವರೇ ಸಂಚಾಲಕರು. 32 ಕೆಲಸಗಳ ಪಟ್ಟಿ ಮಾಡಿ ಐದು ಸಮಿತಿಗಳಿಗೆ ಹಂಚಿದ್ದರು. ಆದರೂ 10 ಗಂಟೆಯ ಕಾರ್ಯಕ್ರಮ 12.15ಕ್ಕೆ ಆರಂಭವಾಯಿತು, ಮೂರು ಮತ್ತು ನಾಲ್ಕನೆಯ ತರಗತಿಯ ಮಕ್ಕಳ ನೃತ್ಯಗಳನ್ನು ಕೈಬಿಡಬೇಕಾಯಿತು. ‘ಎಲ್ಲರೂ ದುಡಿದೆವು, ತಪ್ಪಿದ್ದೆಲ್ಲಿ? ದೊಡ್ಡ ಕಂಪನಿಗಳ ಯೋಜನಾ ನಿರ್ವಹಣೆಯ ಪಾಠ ನಮ್ಮಂಥ ಶಾಲೆಗೂ ಹೊಂದುತ್ತದೆಯೇ?’ ಎಂದು ಕೇಳಿದ್ದಾರೆ.

ಮಾನ್ಯರೇ,

ಖಂಡಿತ ಹೊಂದುತ್ತದೆ. ತಪ್ಪಿದ್ದೆಲ್ಲಿ ಎಂಬುದನ್ನೂ ನೀವೇ ಪತ್ರದ ಎರಡನೆಯ ಪುಟದಲ್ಲಿ ಬರೆದಿದ್ದೀರಿ. ಪೆಂಡಾಲಿನವರು ಮಾತಿನಂತೆ ಏಳು ಗಂಟೆಗೇ ಬಂದರು. ಆದರೆ ವೇದಿಕೆ ಕಟ್ಟಬೇಕಿದ್ದ ಜಾಗದಲ್ಲಿ ವಾಲಿಬಾಲ್ ಕಂಬಗಳೆರಡೂ ನೆಟ್ಟಲ್ಲೇ ಇದ್ದವು. ಹಾರೆ ಹುಡುಕಿ, ಆಳು ಕರೆತಂದು ಅವನ್ನು ಕೀಳುವಷ್ಟರಲ್ಲಿ ಒಂಬತ್ತೂವರೆಯಾಯಿತು. ಪೆಂಡಾಲಿನ ಗಳಗಳಿಗೇ ಕಟ್ಟಬೇಕಾದ ಮೈಕಿನ ವೈರು ಅದಕ್ಕಾಗಿ ಕಾದಿತು, ಮೈಕಿಗಾಗಿ ಹಾಡು ಕಾದಿತು, ಹಾಡಿಗಾಗಿ ಬಣ್ಣ ಹಚ್ಚಿಕೊಂಡ ಮಕ್ಕಳು ಬಿಸಿಲಲ್ಲಿ ಕಾದರು. ನಿಮ್ಮ 32 ಕೆಲಸಗಳಲ್ಲಿ ಕಂಬ ಕೀಳುವುದು ಇರಲಿಲ್ಲ. ಇದ್ದಿದ್ದರೂ ಅದು ಯಾವ ಕೆಲಸಕ್ಕಿಂತ ಮೊದಲು ಮುಗಿಯಬೇಕೆಂಬುದನ್ನು ಪಟ್ಟಿಯೊಂದೇ ಹೇಳುತ್ತಿರಲಿಲ್ಲ.

ಅಮೆರಿಕದ ಡುಪಾಂಟ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಗಳವರು 1957ರ ಸುಮಾರಿಗೆ ಕಾರ್ಖಾನೆಗಳನ್ನು ಕಟ್ಟುವ, ದುರಸ್ತಿ ಮಾಡುವ ಕೆಲಸಕ್ಕಾಗಿ ‘ಕ್ರಿಟಿಕಲ್ ಪಾತ್’ ವಿಧಾನವನ್ನು ರೂಪಿಸಿದ್ದು ಇದಕ್ಕಾಗಿಯೇ. ಒಂದು ಮುಗಿಯದೆ ಇನ್ನೊಂದು ಶುರುವಾಗದ ಕೆಲಸಗಳನ್ನು ಸರಪಳಿಯಂತೆ ಜೋಡಿಸಿದರೆ, ಅಂಥ ಸರಪಳಿಗಳಲ್ಲಿ ಅತಿ ಉದ್ದನೆಯದು ಎಷ್ಟು ಹೊತ್ತು ಹಿಡಿಯುತ್ತದೆಯೋ ಇಡೀ ಯೋಜನೆಗೂ ಕಡಿಮೆಯೆಂದರೆ ಅಷ್ಟು ಹೊತ್ತು ಬೇಕು. ಆ ಉದ್ದನೆಯ ಸರಪಳಿಯೇ ‘ಕ್ರಿಟಿಕಲ್ ಪಾತ್’, ಎಂದರೆ ನಿರ್ಣಾಯಕ ಹಾದಿ. ಆ ಸರಪಳಿಯ ಯಾವ ಕೊಂಡಿ ಅರ್ಧ ಗಂಟೆ ತಡವಾದರೂ ಕಾರ್ಯಕ್ರಮ ಅರ್ಧ ಗಂಟೆ ತಡ. ಉಳಿದ ಕೆಲಸಗಳಿಗೆ ಒಂದಿಷ್ಟು ಬಿಡುವಿರುತ್ತದೆ. ನಿಮ್ಮಲ್ಲಿ ಪಲಾವು ಒಂಬತ್ತಕ್ಕೇ ಸಿದ್ಧವಾಗಿತ್ತು, ಊಟದ ಹೊತ್ತಿಗೆ ಇನ್ನೂ ನಾಲ್ಕು ತಾಸು ಇತ್ತು. ಆದರೂ ಮುಖ್ಯಗುರುಗಳೂ ಮೂವರು ಶಿಕ್ಷಕರೂ ಬೆಳಗಿನಿಂದ ಒಲೆಯ ಹತ್ತಿರವೇ ನಿಂತಿದ್ದರು. ಇದು ಅವರ ಮೈಗಳ್ಳತನವಲ್ಲ. ಎಲ್ಲಿ ಗದ್ದಲ ಹೆಚ್ಚೋ ಅಲ್ಲಿಗೆ ನಾವೆಲ್ಲ ಓಡುತ್ತೇವೆ.

ಆದ್ದರಿಂದ ಮುಂದಿನ ಸಲ ಕೊನೆಯಿಂದ ಹಿಂದಕ್ಕೆ ಬರೆಯಿರಿ. ನಾಡಗೀತೆ 10ಕ್ಕೆ ಎಂದಾದರೆ ಅದಕ್ಕೆ ಮುಂಚೆ ಏನು ಆಗಿರಬೇಕು, ಅದಕ್ಕೂ ಮುಂಚೆ ಏನು ಎಂದು ಕೇಳುತ್ತ ಹೋದರೆ ಮೈಕು, ಪೆಂಡಾಲು ದಾಟಿ ಕಂಬಕ್ಕೇ ಬಂದು ನಿಲ್ಲುತ್ತೀರಿ. ಅವಧಿಯನ್ನು ಅಂದಾಜಿನಿಂದ ಬರೆಯಬೇಡಿ. ಕಳೆದ ವರ್ಷ ನಿಜವಾಗಿ ಎಷ್ಟು ಹೊತ್ತು ಹಿಡಿಯಿತೆಂದು ವಿಚಾರಿಸಿ ಬರೆಯಿರಿ. ನಮ್ಮ ಕೆಲಸ ಬೇಗ ಮುಗಿಯುತ್ತದೆಂದು ನಂಬುವ ಮನುಷ್ಯ ಸ್ವಭಾವವನ್ನು ಕಾನೆಮನ್ ಮತ್ತು ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಗುರುತಿಸಿದ್ದರು.

ಪ್ರತಿ ಕೆಲಸದ ಮುಂದೆ ಒಬ್ಬರದೇ ಹೆಸರಿರಲಿ. ನಾನು ಯಾದಗಿರಿ ಕಡೆಯ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದಾಗ ಬಹುಮಾನಗಳನ್ನಿಟ್ಟ ಕೋಣೆಯ ಕೀಲಿ ‘ವೇದಿಕೆ ಸಮಿತಿ’ಯ ವಶದಲ್ಲಿತ್ತು. ಸಮಿತಿಯಲ್ಲಿ ಆರು ಮಂದಿ. ಆರೂ ಜನ ಉಳಿದ ಐವರ ಮುಖ ನೋಡಿದರು. ಕೊನೆಗೆ ಬೀಗ ಒಡೆದೆವು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ತಡವಾದರೆ ಯಾವುದನ್ನು ಕೈಬಿಡಬೇಕೆಂಬುದನ್ನು ಹಿಂದಿನ ದಿನವೇ, ಮುಖ್ಯಗುರುಗಳ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಸಮ್ಮುಖದಲ್ಲಿ, ಬರೆದಿಡಿ. ನಿಮ್ಮಲ್ಲಿ ಏಳು ಭಾಷಣಗಳೂ ಪೂರ್ತಿ ನಡೆದವು, ಅವ್ವನ ಇಳಕಲ್ ಸೀರೆಯನ್ನು ಮಡಿಚಿ ಉಟ್ಟುಕೊಂಡು ಬಂದಿದ್ದ ನಾಲ್ಕನೆಯ ತರಗತಿಯ ಹುಡುಗಿ ಗೇಟಿನ ಬಳಿ ಅಳುತ್ತ ನಿಂತಳು ಎಂದು ಬರೆದಿದ್ದೀರಿ. ಆ ಸಾಲನ್ನು ಓದಿ ನನಗೂ ಸಂಕಟವಾಯಿತು. ಮಕ್ಕಳ ಹಬ್ಬದಲ್ಲಿ ಮೊದಲು ಕತ್ತರಿ ಬೀಳಬೇಕಾದದ್ದು ಭಾಷಣಕ್ಕೆ. ಅತಿಥಿಗಳಿಗೆ ಆಮಂತ್ರಣದ ಜೊತೆಯಲ್ಲೇ ‘ಐದು ನಿಮಿಷ’ ಎಂದು ವಿನಯದಿಂದ ತಿಳಿಸಿದರೆ ಹೆಚ್ಚಿನವರು ಬೇಸರಪಡುವುದಿಲ್ಲ.

ಸಂಚಾಲಕತ್ವ ಇನ್ನು ಬೇಡವೆಂದೂ ಬರೆದಿದ್ದೀರಿ. ದಯವಿಟ್ಟು ಬಿಡಬೇಡಿ. ಈ ಭಾಗವು 1948ರಲ್ಲಿ ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ನೆನಪಿಗೆ ಸೆಪ್ಟೆಂಬರ್ 17ರಂದು ನಿಮ್ಮ ಶಾಲೆಯಲ್ಲೂ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣ ಇದ್ದೇ ಇರುತ್ತದೆ. ಆ ಹುಡುಗಿ ಆಗ ಐದನೆಯ ತರಗತಿಯಲ್ಲಿರುತ್ತಾಳೆ. ಅಂದಿನ ಕಾರ್ಯಕ್ರಮ ಪಟ್ಟಿಯಲ್ಲಿ ನಾಡಗೀತೆಯ ನಂತರದ ಸಾಲನ್ನು ಅವಳ ತಂಡಕ್ಕೆ ಈಗಲೇ ಬರೆದಿಡಿ.

— ಸಂಪಾದಕ