ಇ-ಸಿಗರೇಟನ್ನು (ತಂಬಾಕಿನ ಚಟ ಹಿಡಿಸುವ ನಿಕೋಟಿನ್‌ನ ದ್ರವವನ್ನು ಬ್ಯಾಟರಿಯಿಂದ ಕಾಯಿಸಿ ಆವಿ ಸೇದುವ ಸಾಧನ) ನಿಷೇಧಿಸುವ ಬದಲು ಬೀಡಿ, ಸಿಗರೇಟಿನ ಹಾಗೆ ತಂಬಾಕು ಕಾಯ್ದೆಯಡಿ ಮಾರಲು ಬಿಡಬಹುದಲ್ವಾ?

ಬೇಡ ಅಂತ ನನ್ನ ಅಭಿಪ್ರಾಯ. ಆದರೆ ನಿಮ್ಮ ಪ್ರಶ್ನೆಯಲ್ಲಿ ಹುರುಳಿದೆ.

ಅಮೆರಿಕದಲ್ಲಿ 2016ರಿಂದ ಇದನ್ನು ತಂಬಾಕು ಉತ್ಪನ್ನ ಅಂತಲೇ ನೋಡುತ್ತಾರೆ. ನಮ್ಮ ಕರ್ನಾಟಕ ಅದೇ ವರ್ಷ ನಿಷೇಧಿಸಿತು. 2019ರ ಕೇಂದ್ರ ಕಾಯ್ದೆ ದೇಶದಾದ್ಯಂತ ತಯಾರಿ, ಆಮದು, ಮಾರಾಟ, ಜಾಹೀರಾತು ಎಲ್ಲ ನಿಲ್ಲಿಸಿತು. ಮಾರಿ ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಸುಮ್ನೆ ಸೇದಿದವನಿಗೆ ಮಾತ್ರ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ.

ನಿಷೇಧ ಇದ್ದರೂ ಮಾಲು ಕದ್ದು ಬರುತ್ತದೆ, ನಿಜ. ಕಲಬುರಗಿಯಲ್ಲಿ ಪಿಯುಸಿ ಓದುವ ನಮ್ಮ ಅಕ್ಕನ ಮಗನ ಬ್ಯಾಗಿನಲ್ಲಿ ಒಂದು ಸಿಕ್ಕಿತ್ತು. ಬೆರಳುದ್ದ, ನೀಲಿ ಬಣ್ಣ, ಮಾವಿನಹಣ್ಣಿನ ಘಮ. ಅಕ್ಕ ಪೆನ್‌ಡ್ರೈವ್ ಅಂದುಕೊಂಡಿದ್ದಳು! ಸಿಗರೇಟ್ ಪ್ಯಾಕಿನ ಶೇ 85 ಭಾಗ ಎಚ್ಚರಿಕೆ ಚಿತ್ರ ಇರಬೇಕು. ಇದರ ಮೇಲೆ ಒಂದಕ್ಷರವೂ ಇರಲಿಲ್ಲ. ಒಳಗೆ ನಿಕೋಟಿನ್ ಎಷ್ಟು ಅಂತ ಯಾರಿಗೆ ಗೊತ್ತು?

ಹಾಗಾದರೆ ಕಾನೂನಿನೊಳಗೆ ತಂದರೆ ಎಚ್ಚರಿಕೆ, ಅಳತೆ ಎರಡೂ ಬರುತ್ತವಲ್ಲ ಅಂತೀರಿ. ಬರುತ್ತವೆ. ಆದರೆ ನಮ್ಮಲ್ಲಿ ಗುಟ್ಕಾ ನಿಷೇಧವಾದ ಮೇಲೆ ಏನಾಯಿತು ನೋಡಿ. ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಬಾಯಲ್ಲಿ ಎರಡೂ ಒಂದೇ. ನಿಯಮ ಕಾಗದದಲ್ಲೇ ಉಳಿಯಿತು. ಶಾಲೆಯ ಹತ್ತಿರ ತಂಬಾಕು ಮಾರಬಾರದು ಅನ್ನೋ ನಿಯಮವನ್ನೇ ಎಷ್ಟು ಡಬ್ಬಿ ಅಂಗಡಿಗಳು ಪಾಲಿಸುತ್ತಿವೆ? ಅದೇ ಅಂಗಡಿಗೆ ಮಾವಿನ ಘಮದ ನಿಕೋಟಿನ್ ಮಾರಲು ಲೈಸೆನ್ಸ್ ಕೊಡಲು ನನಗಂತೂ ಧೈರ್ಯವಿಲ್ಲ.

ಬೀಡಿ ಬಿಡಲು ಇದು ಬೇಕು ಅನ್ನುವವರಿಗೆ ಔಷಧ ಅಂಗಡಿಯಲ್ಲಿ ನಿಕೋಟಿನ್ ಚ್ಯೂಯಿಂಗ್ ಗಮ್ ಸಿಗುತ್ತದೆ. 1800-11-2356ಕ್ಕೆ ಫೋನ್ ಮಾಡಿದರೆ ಪುಕ್ಕಟೆ ಸಲಹೆಯೂ ಸಿಗುತ್ತದೆ.